ನೂಲಿನವನು ಕೊಂಡ ಪಂಪು

“ಬುದ್ಧೀ, ಜನ ಬಾಯಿ ತೆರೆದರೆ ಬರೀ ಸುಳ್ಳು, ಬೈಗುಳ, ಹೊಟ್ಟೆಕಿಚ್ಚು. ಅದನ್ನೆಲ್ಲ ಎಷ್ಟೆಂದು ಕೇಳಿಸಿಕೊಳ್ಳಲಿ?” ಎಂದು ಮರಿದೇವ ಗುರುಗಳನ್ನು ಕೇಳಿದ.

ತಾಪತ್ರಯ ಹೇಳಿಕೊಂಡು ಮಠಕ್ಕೆ ಬರುವವರ ಮಾತು ಕೇಳುವ ಕೆಲಸವನ್ನು ಗುರುಗಳು ಅವನಿಗೆ ಒಪ್ಪಿಸಿದ್ದರು. ಅವನು ಅದನ್ನು ಶ್ರದ್ಧೆಯಿಂದಲೇ ಮಾಡುತ್ತಿದ್ದ. ಯಾರಾದರೂ ಸುಳ್ಳಾಡಿದರೆ ಅಲ್ಲೇ ತಡೆಯುತ್ತಿದ್ದ, ನಾಲಗೆ ಜಾರಿದರೆ ಅಲ್ಲೇ ತಿದ್ದುತ್ತಿದ್ದ. ಬರಬರುತ್ತಾ ಜನ ಅವನ ಹತ್ತಿರ ಸುಳಿಯುವುದೇ ಕಡಿಮೆಯಾಯಿತು. ಆ ದಿನ ಬೆಳಿಗ್ಗೆ, ಅಣ್ಣನ ಮೇಲೆ ಕೈಮಾಡಿದವನೊಬ್ಬ ಬಂದಿದ್ದ. ತಪ್ಪೆಲ್ಲ ಅಣ್ಣನದೇ ಎಂದು ಶುರುಮಾಡಿದ. ಮರಿದೇವ ತಡೆದ. ಆತ ಅತ್ತಿಗೆಯನ್ನು ಬೈಯತೊಡಗಿದ. ಮರಿದೇವ ಮತ್ತೆ ತಡೆದ. ಆತ ಅರ್ಧಕ್ಕೇ ಎದ್ದು, ಹೋಗಲಿ ಬಿಡಿ ಎಂದು ದಾಸೋಹದ ಮನೆಯ ಕಡೆ ನಡೆದುಬಿಟ್ಟ. ಅವನ ಕಣ್ಣು ಕೆಂಪಾಗಿದ್ದುದು ಮರಿದೇವನಿಗೆ ಆಮೇಲೆ ನೆನಪಾಗಿ ಸಂಕಟವಾಯಿತು. ಈ ಕೆಲಸ ನನ್ನ ಕೈಲಾಗದು, ಬಿಡಿಸಿಬಿಡಿ ಎಂದು ಕೇಳಲೆಂದೇ ಅವನು ಗುರುಗಳ ಬಳಿ ಬಂದಿದ್ದ. ಬೆಳಿಗ್ಗೆ ನಡೆದದ್ದನ್ನೂ ಅವರಿಗೆ ಹೇಳಿದ.

ಗುರುಗಳು ಅವನ ಮುಖ ನೋಡಿ ನಕ್ಕರು. “ಕೂತುಕೋ. ಓಡಿಹೋಗುವುದು ಆಮೇಲೂ ಇದ್ದೇ ಇದೆ. ಈಗ ಒಂದು ಪಂಪಿನ ಕತೆ ಕೇಳು,” ಎಂದು ಶುರುಮಾಡಿದರು.

ಒಬ್ಬ ರೇಷ್ಮೆ ನೂಲು ಬಿಚ್ಚುವವನಿದ್ದ. ಗೂಡು ಬೇಯಿಸಿ ಎಳೆ ತೆಗೆಯುವುದರಲ್ಲಿ ಅವನನ್ನು ಮೀರಿಸುವವರು ಆ ಸೀಮೆಯಲ್ಲೇ ಇರಲಿಲ್ಲ. ಆ ಕಸುಬಿನಲ್ಲಿ ಎಳೆಯನ್ನು ಒಂದು ಸಣ್ಣ ತೂತಿನಲ್ಲಿ ಹಾಯಿಸುತ್ತಾರೆ. ಗಂಟು, ಕಸರು ಏನಿದ್ದರೂ ತೂತಿನ ಬಾಯಲ್ಲೇ ನಿಲ್ಲಬೇಕು, ಶುದ್ಧವಾದದ್ದು ಮಾತ್ರ ಆಚೆ ಹೋಗಬೇಕು. ತೂತು ಸಣ್ಣದಿದ್ದಷ್ಟೂ ನೂಲು ಚೊಕ್ಕಟ. ಹುಟ್ಟಿದಾಗಿನಿಂದ ಅದನ್ನೇ ನೋಡಿದವನಿಗೆ ಬಿಗಿಯಾದದ್ದೆಲ್ಲ ಒಳ್ಳೆಯದಾಗಿ, ಸಡಿಲವಾದದ್ದೆಲ್ಲ ಕೆಟ್ಟದ್ದಾಗಿ ಕಾಣುತ್ತಿತ್ತು. ಪಾಪ, ಅವನದೇನು ತಪ್ಪು?

ಗೂಡು ಬೇಯಿಸಿದ ನೀರು ಮಾತ್ರ ಹೊಲಸು. ಸತ್ತ ಹುಳು, ಅಂಟು, ಜೊಂಪೆ ಜೊಂಪೆ ಎಳೆ. ಅದು ಹರಿದು ಹೋಗಿ ಕೆಳಗೇರಿಯ ಕಟ್ಟೆಗೆ ಸೇರುತ್ತಿತ್ತು. ದನಗಳು ಆ ನೀರಿಗೆ ಮೂತಿ ಇಡುತ್ತಿರಲಿಲ್ಲ. ಅವನ ಒಲೆಗಳ ಮುಂದೆ ಕೂತು ದುಡಿಯುವವರೆಲ್ಲ ಕೆಳಗೇರಿಯವರೇ. ಅವರು ಬಂದು, “ನಮ್ಮ ಕಟ್ಟೆಯನ್ನು ಹಾಳುಮಾಡುವ ಕೆಲಸಕ್ಕೆ ನಾವೇ ಕೈ ಹಾಕುವುದಿಲ್ಲ. ಈ ನೀರು ನಿಲ್ಲಿಸು, ಬರುತ್ತೇವೆ,” ಎಂದು ಹೇಳಿ ಹೋದರು. ಒಲೆಗಳು ಆರಿದವು.

ನೂಲಿನವನು ಕೆಟ್ಟವನಲ್ಲ. ತನ್ನದೇ ದಿಬ್ಬದ ಮೇಲೆ ಹೊಂಡ ತೋಡಿಸಿದ. ಹೊಲಸು ಅಲ್ಲಿ ತಳಕ್ಕಿಳಿದು, ಮೇಲಿನ ನೀರು ಪಕ್ಕದ ಜೊಂಡಿನ ಮಡಿಯಲ್ಲಿ ಸೋಸಿ ತಿಳಿಯಾಗಬೇಕು. ಇನ್ನು ನೀರನ್ನು ದಿಬ್ಬಕ್ಕೆ ಎತ್ತಲು ಒಂದು ಪಂಪು ಬೇಕಿತ್ತು.

ಅಂಗಡಿಯವನು ಎರಡು ಪಂಪು ತೋರಿಸಿದ. ಒಂದರ ಒಳಗಿನ ಚಕ್ರ ಗೋಡೆಗೆ ತಾಗಿಕೊಂಡಂತೆ ಬಿಗಿಯಾಗಿ ಕೂತಿತ್ತು. ತೊಟ್ಟಿಯ ತಿಳಿನೀರಿಗಿಟ್ಟರೆ ಅದು ಅಂಗಡಿಯ ಮಾಡು ದಾಟುವಂತೆ ಚಿಮ್ಮಿಸಿತು. ಇನ್ನೊಂದರದು ದೊಡ್ಡ ಬಾಯಿ, ಚಕ್ರದ ಸುತ್ತ ಕೈ ತೂರುವಷ್ಟು ಜಾಗ. ಅದು ಸೋಮಾರಿಯ ಹಾಗೆ ಗುಳಗುಳನೆ ಉಗುಳಿತು.

“ಯಜಮಾನರೇ, ಎಂಥ ನೀರು ಎತ್ತಬೇಕು?” ಎಂದು ಅಂಗಡಿಯವನು ಕೇಳಿದ.

ನನ್ನ ಮನೆಯಿಂದ ಹೊಲಸು ಹರಿಯುತ್ತದೆ ಎನ್ನಲು ನೂಲಿನವನಿಗೆ ನಾಚಿಕೆ. “ನೀರು ಅಂದರೆ ನೀರು,” ಎಂದ. ಬಿಗಿಯಾದ ಪಂಪನ್ನೇ ಕೊಂಡು ತಂದ.

ತಾನೇ ಒಂದು ಒಲೆ ಹಚ್ಚಿ ಗೂಡು ಬೇಯಿಸಿ, ಆ ನೀರಿಗೆ ಪಂಪು ಇಟ್ಟ. ಅದು ಸ್ವಲ್ಪ ಹೊತ್ತು ಓಡಿ ನಿಂತುಹೋಯಿತು. ಬಿಚ್ಚಿ ನೋಡಿದರೆ ಚಕ್ರಕ್ಕೆ ಎಳೆ ಸುತ್ತಿಕೊಂಡಿತ್ತು. ಕಿತ್ತು ಹಾಕಿದ. ಬಾಯಿಗೆ ಜಾಲರಿ ಕಟ್ಟಿದ. ಜಾಲರಿಗೆ ಹುಳು ಮೆತ್ತಿಕೊಂಡಿತು. ಕೈಚಳಕವಿರುವವನಲ್ಲವೇ, ಇನ್ನೂ ಸಣ್ಣ ಕಣ್ಣಿನ ಜಾಲರಿ ಕಟ್ಟಿದ. ಪಂಪು ಬರಿದೇ ಕೂಗಿತು, ನೀರು ಮೇಲೇರಲಿಲ್ಲ. ಹೊಲಸು ತುಂಬಿ ತುಳುಕಿ ಮತ್ತೆ ಕಟ್ಟೆಯ ದಾರಿ ಹಿಡಿಯಿತು. ಕಸುಬೇ ಮುಳುಗಿತು ಎಂದು ಅವನಿಗೆ ಅಳುವೇ ಬಂತು.

ಬಿಚ್ಚಿದ ಪಂಪಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಎಳೆ ಕೀಳುತ್ತಿದ್ದ. ಕಿತ್ತದ್ದನ್ನು ಅಭ್ಯಾಸದಂತೆ ಪಕ್ಕಕ್ಕೆ ಎಸೆಯಲು ಕೈ ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು. ಇದನ್ನು ಎಲ್ಲಿಗೆ ಎಸೆಯುವುದು? ಇದು ಹೋಗಬೇಕಾದದ್ದೇ ದಿಬ್ಬದ ಮೇಲಿನ ಹೊಂಡಕ್ಕೆ. ನೂಲಿನಲ್ಲಾದರೆ ಗಂಟು ನಿಲ್ಲಬೇಕು. ಇಲ್ಲಿ ಗಂಟನ್ನು ಸಾಗಿಸುವುದೇ ಕೆಲಸ. ಸಾಗಿಸಬೇಕಾದದ್ದನ್ನೇ ಅಡ್ಡಗಟ್ಟಿ ಕೂತಿದ್ದೇನಲ್ಲ ಎಂದು ಒಬ್ಬನೇ ನಕ್ಕುಬಿಟ್ಟ.

ಅಂಗಡಿಗೆ ಹೋಗಿ ಎಲ್ಲರ ಮುಂದೆಯೇ, “ಹುಳು, ಎಳೆ, ಅಂಟು ಎಲ್ಲ ಇರುವ ನಾರುವ ನೀರಪ್ಪ ನನ್ನದು,” ಎಂದ.

“ಮೊದಲೇ ಹೇಳಬಾರದಿತ್ತೇ?” ಎಂದು ಅಂಗಡಿಯವನು ದೊಡ್ಡ ಬಾಯಿಯದನ್ನು ಎತ್ತಿಕೊಟ್ಟ.

ಅದು ಚಿಮ್ಮಿಸಲಿಲ್ಲ, ಆರ್ಭಟಿಸಲಿಲ್ಲ. ಹುಳು ಬಂದರೆ ಹುಳು, ಎಳೆ ಬಂದರೆ ಎಳೆ, ಬಂದದ್ದನ್ನು ಬಂದ ಹಾಗೇ ದಿಬ್ಬಕ್ಕೆ ಮುಟ್ಟಿಸಿತು. ಚೊಕ್ಕಟ ಮಾಡುವುದನ್ನು ಹೊಂಡವೂ ಜೊಂಡೂ ನೋಡಿಕೊಂಡವು. ಮಳೆ ಬಂದು ಕಟ್ಟೆಯ ಹಳೆಯ ನೀರು ಕೊಚ್ಚಿಹೋದ ಮೇಲೆ ದನಗಳು ಮತ್ತೆ ಅಲ್ಲಿಗಿಳಿದವು. ಕೆಳಗೇರಿಯವರು ತಾವಾಗಿಯೇ ಬಂದು ಒಲೆ ಹಚ್ಚಿದರು.

ಕತೆ ಮುಗಿಯಿತು. ಮರಿದೇವ ತಲೆ ತಗ್ಗಿಸಿ ಕೂತಿದ್ದ. ಕೆಲಸ ಬಿಡಿಸಿ ಎಂಬ ಮಾತನ್ನು ಅವನು ಎತ್ತಲಿಲ್ಲ. ಅಂಗಳದಾಚೆ ದಾಸೋಹದ ಮನೆಯಲ್ಲಿ ಎಲೆ ಹಾಕುತ್ತಿದ್ದರು. ಗುರುಗಳು ಅತ್ತ ನೋಡಿದರು.

“ಅಣ್ಣನ ಮೇಲೆ ಕೈಮಾಡಿದವನು ಇನ್ನೂ ಹೋಗಿಲ್ಲ, ಊಟಕ್ಕೆ ಕೂತಿದ್ದಾನೆ ಮರಿದೇವಾ, ಹೋಗಿ ಪಕ್ಕದಲ್ಲಿ ಕೂತುಕೋ, ಈ ಸಲ ಅವನ ಮಾತು ಗಂಟಿನ ಸಮೇತ ಬರಲಿ,” ಎಂದರು.

ಮರಿದೇವ ಎದ್ದು ದಾಸೋಹದ ಮನೆಯ ಕಡೆ ನಡೆದ.