ನಾಣ್ಯದ ಮೇಲಿನ ಮುತ್ತಜ್ಜಿ

ಗವಿದುರ್ಗದ ದೊರೆ ಕೆಂಚಪ್ಪ ನಾಯಕನಿಗೆ ತನ್ನ ಮೂಗಿನ ಮೇಲೆ ಬಲು ಅಭಿಮಾನ. ಅಂಥ ಮೂಗು ಭೂಮಂಡಲದಲ್ಲೇ ಇನ್ನೊಂದಿಲ್ಲ ಎಂದು ಆಗಾಗ ಹೇಳುತ್ತಿದ್ದ. ಆಸ್ಥಾನದವರೂ ಹೌದೆನ್ನುತ್ತಿದ್ದರು.

ಒಂದು ಬೇಸಿಗೆ ಕುಂಬಾರಗೇರಿಯ ಬಾವಿಯಲ್ಲಿ ಹೂಳೆತ್ತುವಾಗ ಕಿಲುಬು ಹಿಡಿದ ಕಂಚಿನ ನಾಣ್ಯವೊಂದು ಸಿಕ್ಕಿತು. ಒಂದು ಮಗ್ಗುಲಲ್ಲಿ ಎಲೆಗಳ ಕಿರೀಟ ತೊಟ್ಟ ಗಂಡಸಿನ ಮುಖ, ಗಿಣಿಯ ಕೊಕ್ಕಿನಂಥ ಮೂಗು. ಇನ್ನೊಂದು ಮಗ್ಗುಲಲ್ಲಿ ಹಣ್ಣು ತುಂಬಿದ ಕೊಂಬು ಹಿಡಿದು ನಿಂತ ಹೆಂಗಸು. ಸುತ್ತ ಯಾರೂ ಓದಲಾರದ ಅಕ್ಷರ.

"ಇವರು ಯಾರು?" ದೊರೆ ಕೇಳಿದ.

ಆಸ್ಥಾನ ಪಂಡಿತ ವೆಂಕಟಾವಧಾನಿ ನಾಣ್ಯ ನೋಡಲಿಲ್ಲ, ದೊರೆಯ ಮುಖ ನೋಡಿದ. "ಸಂಶಯವೇ ಇಲ್ಲ. ತಮ್ಮ ಮುತ್ತಜ್ಜ! ಅದೇ ಮೂಗು. ಹಿಂಬದಿಯಲ್ಲಿರುವವರು ಮುತ್ತಜ್ಜಿ."

"ಅಕ್ಷರ ನಮ್ಮದಲ್ಲವಲ್ಲ" ಎಂದ ಕರಣಿಕನನ್ನು ದೊರೆ ಅಲ್ಲೇ ಕುದುರೆ ಲಾಯಕ್ಕೆ ವರ್ಗ ಮಾಡಿದ. ಬಾವಿ ಮುಚ್ಚಿ, ಮೇಲೆ ಮುತ್ತಜ್ಜನಿಗೆ ಗುಡಿ ಕಟ್ಟಬೇಕೆಂದು ಅಪ್ಪಣೆಯಾಯಿತು. ಇಡೀ ಕೇರಿಗೆ ಇದ್ದದ್ದು ಅದೊಂದೇ ಬಾವಿ.

ದೊರೆಯ ಆಪ್ತ ಬೊಮ್ಮರಸ ಬಾಯಿ ಬಿಡಲಿಲ್ಲ. ಬಂದರಿಗೆ ಹೋಗಿದ್ದಾಗ ಪರದೇಶದ ವ್ಯಾಪಾರಿಯೊಬ್ಬನ ಹತ್ತಿರ ಇಂಥದೇ ನಾಣ್ಯಗಳನ್ನು ನೋಡಿದ್ದ. ಇದು ಎಲ್ಲಿಯದೆಂದು ಅವನಿಗೆ ಗೊತ್ತಿತ್ತು. ಲಾಯದ ವಾಸನೆ ಎಂಥದೆಂದೂ ಗೊತ್ತಿತ್ತು.

ಸಂಜೆ ಕುಂಬಾರರ ಹೊನ್ನಕ್ಕ ಅವನ ಮನೆಗೆ ಬಂದಳು.

"ಸ್ವಾಮಿ, ಬಾವಿ ಮುಚ್ಚಿದರೆ ಮಣ್ಣು ಕಲಸೋದು ಹೇಗೆ? ಕುಡಿಯೋದಾದರೂ ಏನನ್ನ? ಆ ಹೂಳಲ್ಲಿ ನನಗೂ ಒಂದು ಬಿಲ್ಲೆ ಸಿಕ್ಕಿತ್ತು. ಹಸಿ ಗಡಿಗೆಗೆ ಒತ್ತಿ ಚಿತ್ತಾರ ಮಾಡೋಕೆ ಇಟ್ಕೊಂಡಿದ್ದೆ. ಬೇಕಾದರೆ ಅದನ್ನೂ ತಗೊಳ್ಳಿ, ಬಾವಿ ಬಿಟ್ಟುಬಿಡಿ."

ಬೊಮ್ಮರಸ ಬಿಲ್ಲೆ ತಿರುಗಿಸಿ ನೋಡಿದ. ಮತ್ತೊಮ್ಮೆ ತಿರುಗಿಸಿದ. "ನಾಳೆ ನೀರು ಸೇದಲು ಕೊಡ ತೊಳೆದಿಡು ತಾಯಿ" ಎಂದ.

ಮರುದಿನ ಸಭೆಯಲ್ಲಿ ಎದ್ದು ನಿಂತು ಕೇಳಿದ, "ಗುಡಿಯಲ್ಲಿ ಮುತ್ತಜ್ಜಿಯ ವಿಗ್ರಹವೂ ಬೇಕಲ್ಲ. ಅವಧಾನಿಗಳೇ, ಈಕೆ ಮುತ್ತಜ್ಜಿಯೇ ತಾನೇ?"

"ಸೂರ್ಯಚಂದ್ರರ ಆಣೆಗೂ!"

"ಅನುಮಾನಪಟ್ಟವನ ತಲೆ ಬೋಳಿಸುತ್ತೇನೆ" ಎಂದ ದೊರೆ.

"ಹಾಗಾದರೆ ಅಮ್ಮನವರ ಇನ್ನೊಂದು ಚಿತ್ರ ಸಿಕ್ಕಿದೆ" ಎಂದು ಬೊಮ್ಮರಸ ಬಿಲ್ಲೆಯನ್ನು ಮುಂದಿಟ್ಟ.

ಅದೇ ಹೆಂಗಸು, ಅದೇ ಕೊಂಬು, ಉಡುಗೆಯ ಅದೇ ನೆರಿಗೆ. ದೊರೆ ಕಣ್ಣಿಗೊತ್ತಿಕೊಂಡ. ಆಮೇಲೆ ಭಕ್ತಿಯಿಂದ ತಿರುಗಿಸಿದ. ಆ ಕಡೆ ಬೇರೊಬ್ಬ ಗಂಡಸು. ಗುಂಗುರು ಗಡ್ಡ, ಮೊಂಡು ಮೂಗು.

"ಇವನ್ಯಾರು?"

"ಗೊತ್ತಿಲ್ಲ ದೊರೆ. ಅಮ್ಮನವರ ಗುರುತು ಸಿಕ್ಕಿತು, ಈ ಯಜಮಾನರದು ಸಿಗಲಿಲ್ಲ. ಅವಧಾನಿಗಳು ಹೇಳಬೇಕು."

ಅವಧಾನಿಗೆ ಕೆಮ್ಮು ಬಂತು. ನಿಲ್ಲಲಿಲ್ಲ. ಸಭೆಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ದೊರೆ ಮೆಲ್ಲಗೆ ಕೇಳಿದ, "ಬೊಮ್ಮರಸ, ಇವು ಬೇರೆ ದೇಶದ ನಾಣ್ಯ ಆಗಿರಬಹುದೇ?"

"ಅಪ್ಪಣೆಯಾದರೆ ಆಗಬಹುದು, ದೊರೆ."

"ಆಗಲಿ."

"ಹಾಗಾದರೆ ಇವು ರೋಮಾಪುರಿಯವು. ಮುಖಗಳು ಅಲ್ಲಿನ ಹಳೆಯ ಚಕ್ರವರ್ತಿಗಳದು. ಈಕೆ ಅವರ ಭಾಗ್ಯದೇವತೆ. ಚಕ್ರವರ್ತಿ ಬದಲಾದರೂ ದೇವತೆ ಬದಲಾಗುವುದಿಲ್ಲ."

ದೊರೆ ದೊಡ್ಡದಾಗಿ ಉಸಿರು ಬಿಟ್ಟ. "ನಿನ್ನೆಯೇ ಹೇಳಬಾರದಿತ್ತೇನಯ್ಯ?"

"ನಿನ್ನೆ ಹೇಳಿದ್ದರೆ ತಮ್ಮ ಮುತ್ತಜ್ಜನನ್ನು ಕಿತ್ತುಕೊಂಡ ಪಾಪ ಬರುತ್ತಿತ್ತು. ಇವತ್ತು ಹೇಳಿದ್ದಕ್ಕೆ ಮುತ್ತಜ್ಜಿಯ ಮಾನ ಉಳಿಸಿದ ಪುಣ್ಯ ಬಂತು."

ದೊರೆ ತಡೆಯಲಾರದೆ ನಕ್ಕುಬಿಟ್ಟ. ಕುಂಬಾರಗೇರಿಯ ಬಾವಿಗೆ ಕಲ್ಲಿನ ಕಟ್ಟೆ ಕಟ್ಟಿಸಿ, ಹೊಸ ರಾಟೆ ಹಾಕಿಸಬೇಕೆಂದು ಅಪ್ಪಣೆ ಹೊರಡಿಸಿದ.