ಬೈಯದೆ ಬಂದ ಅಂಬಿಗ

ಹತ್ತಿರ ಬನ್ನಿ, ಕೂತುಕೊಳ್ಳಿ. ಕೈಯಲ್ಲಿರುವ ಕೆಲಸ ಕೆಳಗಿಡಿ. ಅದು ಎಲ್ಲಿಗೂ ಓಡಿಹೋಗುವುದಿಲ್ಲ. ನೀವು ಎದ್ದಾಗ ಅಲ್ಲೇ ಬಿದ್ದಿರುತ್ತದೆ, ನನಗೆ ಗೊತ್ತು. ಗೋಡೆಗೆ ಒರಗಿ, ಕಾಲು ಚಾಚಿ ಕೇಳಿ.

ಒಂದು ಮಠ. ಅಲ್ಲಿ ದಿನವೂ ದಾಸೋಹ. ಬಂದವರಿಗೆಲ್ಲ ಬಿಸಿ ರೊಟ್ಟಿ, ಪಲ್ಯ, ಅನ್ನ, ಸಾರು. ಅಡುಗೆಮನೆಯ ಉಸ್ತುವಾರಿ ಮರಿಶಾಂತ ಎಂಬ ಶಿಷ್ಯನದು. ಒಂದು ಬೆಳಿಗ್ಗೆ ಅವನು ಗುರುಗಳ ಮುಂದೆ ಬಂದು ಕೂತು ಕೇಳಿದ:

"ಅಜ್ಜಾರ, ರೊಟ್ಟಿ ಬಡಿಯೋರು ದಣದು ಹೋಗ್ಯಾರ. ಇಬ್ಬರು ಬಿಟ್ಟು ಹೋದರು. ಉಳಿದವರೂ ಇವತ್ತೋ ನಾಳೆಯೋ ಅನ್ನೋ ಹಂಗ ಅದಾರ. ಪ್ಯಾಟಿಯಿಂದ ಒಬ್ಬ ಗುತ್ತಿಗೆದಾರ ಬಂದಾನ. ಯಾರು ಎಷ್ಟು ಮಾಡಬೇಕು, ಯಾರು ಯಾವಾಗ ಕೂಡಬೇಕು, ಎಲ್ಲಾ ತಾನ ಹೇಳ್ತೀನಿ ಅಂತಾನ. ಬಾಗಿಲ ಹೊರಗ ಕಾಯ್ತಾ ಕುಂತಾನ. ಅವನಿಗೆ ಒಪ್ಪಿಸಿ ಬಿಡಲೇನ್ರಿ?"

"ನೀನ ಹೇಳಿದರ ಏನು ತ್ರಾಸು?" ಎಂದರು ಗುರುಗಳು.

"ಹೇಳೋದು ಸುಲಭ ಅಜ್ಜಾರ, ಅವರು ಅನ್ನೋದು ಕೇಳೋದು ಕಷ್ಟ. ಈಗ ಆ ಕಷ್ಟಾನೂ ಇಲ್ಲ ಬಿಡ್ರಿ. ಮೊದಲು ರೊಟ್ಟಿ ಬಡಿಯೋ ನೀಲವ್ವ ನನ್ನ ಕಂಡರ ಸಾಕು, ಒಲೆ ಮುಂದ ಕುಂತಲ್ಲಿಂದನ ಬೈತಿದ್ದಳು. ಹಿಟ್ಟು ಸಾಲದು ಅಂತ ಒಂದು ಸಲ, ಮಂದಿ ಹೆಚ್ಚಾತು ಅಂತ ಒಂದು ಸಲ. ಈಗ ಸುಮ್ಮನ ಆಗ್ಯಾಳ. ಅಷ್ಟರ ಮಟ್ಟಿಗೆ ನೆಮ್ಮದಿ."

 ಗುರುಗಳು ಈ ಕತೆ ಹೇಳಿದರು.

ಒಂದು ಹೊಳೆ. ಆ ಹೊಳೆಗೆ ಒಂದು ಹರಿಗೋಲು. ಹರಿಗೋಲು ಎಂದರೆ ಏನು? ತೊಗಲು ಹೊದಿಸಿದ ದೊಡ್ಡ ಬುಟ್ಟಿ. ಅದಕ್ಕೆ ಮುಂದಿಲ್ಲ, ಹಿಂದಿಲ್ಲ. ಹುಟ್ಟು ಹಾಕುವವರ ಕೈ ಸೋತರೆ ಅದು ನಿಲ್ಲುವುದೂ ಇಲ್ಲ, ಹೋಗುವುದೂ ಇಲ್ಲ. ನಡುಹೊಳೆಯಲ್ಲಿ ಗಿರಗಿರ ತಿರುಗುತ್ತದೆ.

ಹರಿಗೋಲಿನ ಒಡೆಯ ಫಕೀರಪ್ಪ. ಹುಟ್ಟು ಹಾಕುವವರು ಇಬ್ಬರು, ಭರಮ ಮತ್ತು ದ್ಯಾವ. ಇನ್ನೊಬ್ಬಳು ಹುಲಿಗೆವ್ವ ಎಂಬ ಮುದುಕಿ.

ಹುಲಿಗೆವ್ವನ ಕೆಲಸ ದಡದ ಕಲ್ಲಿನ ಮೇಲೆ ಕೂರುವುದು. ದಿನ ಬೆಳಿಗ್ಗೆ ಅವಳು ಹರಿಗೋಲಿನ ಹೊರಮೈಗೆ ಕೆಮ್ಮಣ್ಣಿನಲ್ಲಿ ಒಂದು ಗೆರೆ ಎಳೆಯುತ್ತಿದ್ದಳು. ಜನ ಏರಿದಂತೆಲ್ಲ ಹರಿಗೋಲು ತಗ್ಗುತ್ತಿತ್ತು. ನೀರು ಗೆರೆ ಮುಟ್ಟಿದ ಕೂಡಲೇ "ಸಾಕು" ಎನ್ನುತ್ತಿದ್ದಳು. ಗೌಡ ಬಂದರೂ ಅಷ್ಟೇ, ಗೌಡನ ಬೀಗ ಬಂದರೂ ಅಷ್ಟೇ.

ಅವಳಿಗೆ ಇನ್ನೊಂದು ಕೆಲಸವಿತ್ತು. ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಅಂಬಿಗರ ಬಾಯಿ ನಿನಗೆ ಗೊತ್ತಲ್ಲ. ಭರಮ ಒಂದು ಸಲ ಆಚೆ ದಡಕ್ಕೆ ಹೋಗಿ ಬರುವಷ್ಟರಲ್ಲಿ ಹೊಳೆಯ ಏಳು ತಲೆಮಾರನ್ನು ಜಾಲಾಡುತ್ತಿದ್ದ. ಗಾಳಿಯನ್ನು ಬೈಯುತ್ತಿದ್ದ. ಜನರ ಗಂಟುಗಳನ್ನು ಬೈಯುತ್ತಿದ್ದ. ದ್ಯಾವ ಅವನಿಗೆ ಮರೆತುಹೋದದ್ದನ್ನು ನೆನಪು ಮಾಡಿಕೊಡುತ್ತಿದ್ದ. ಹುಲಿಗೆವ್ವ ದಡದಲ್ಲಿ ಕೂತು ಕಿವಿಗೊಟ್ಟು ಕೇಳುತ್ತಿದ್ದಳು. ಬೈಯುತ್ತ ಬಂದವನನ್ನು ಮತ್ತೆ ಕಳಿಸುತ್ತಿದ್ದಳು. ಬೈಯದೆ ಬಂದವನ ಕೈಯಿಂದ ಹುಟ್ಟು ಕಿತ್ತುಕೊಂಡು ಕಲ್ಲಿನ ಮೇಲೆ ಕೂರಿಸುತ್ತಿದ್ದಳು. ಒಂದು ರೊಟ್ಟಿ, ಒಂದು ಉಳ್ಳಾಗಡ್ಡಿ ಕೊಡುತ್ತಿದ್ದಳು. ಅವನು ಏಳುವವರೆಗೆ ಹರಿಗೋಲು ಕದಲುತ್ತಿರಲಿಲ್ಲ. ಜನ ಕೂಗಾಡಿದರೂ ಅವಳ ಕಿವಿ ಆ ಕಡೆ ಇರುತ್ತಿರಲಿಲ್ಲ. ಅವನು ಅರ್ಧ ಉಳ್ಳಾಗಡ್ಡಿ ಕಡಿದು, "ಏನು ಖಾರ ಐತಲೇ ಇದು, ಇದರ ಮನಿ ಹಾಳಾಗ" ಎಂದರೆ, "ಏಳು, ಸರಿಹೋದಿ" ಎಂದು ಹುಟ್ಟು ಕೈಗೆ ಕೊಡುತ್ತಿದ್ದಳು.

ಹೀಗೆ ನಡೆಯುತ್ತಿತ್ತು. ಒಂದು ವರ್ಷ ಮೇಲಿನೂರಿನ ಹರಿಗೋಲಿನ ತೊಗಲು ಹರಿಯಿತು. ಅಲ್ಲಿ ದಾಟುವ ಜನವೆಲ್ಲ ಇಲ್ಲಿಗೆ ಬಂದರು. ಹುಲಿಗೆವ್ವ ದಿನ ಸಂಜೆ ಫಕೀರಪ್ಪನ ಕಟ್ಟೆಗೆ ಹೋಗಿ ಹೇಳುತ್ತಿದ್ದಳು: "ಇನ್ನೊಂದು ಜೋಡಿ ಆಳು ತಗೋ. ಹುಡುಗರು ಸೋತಾರ."

ಫಕೀರಪ್ಪ "ನೋಡೋಣ" ಎನ್ನುತ್ತಿದ್ದ.

ಮರುದಿನ ಅವಳು ಮತ್ತೆ ಹೇಳುತ್ತಿದ್ದಳು. ಅವನು ಮತ್ತೆ ನೋಡೋಣ ಎನ್ನುತ್ತಿದ್ದ. ಹುಟ್ಟು ಹಾಕಿ ಅಂಬಿಗರು ದಣಿದರು. ನೋಡೋಣ ಎಂದು ಎಂದು ಫಕೀರಪ್ಪನೂ ದಣಿದ.

ಆಗ ಪೇಟೆಯಿಂದ ಒಬ್ಬ ಗುತ್ತಿಗೆದಾರ ಬಂದ. ಕೈಯಲ್ಲಿ ಛತ್ರಿ ಹಿಡಿದಿದ್ದ.

"ಧಣಿ, ಯಾರು ಏರಬೇಕು, ಯಾರು ಹುಟ್ಟು ಹಾಕಬೇಕು, ಆ ಚಿಂತಿ ನನಗ ಬಿಡ್ರಿ. ಏರಿಸಿದ ತಲಿಗೆ ಒಂದು ಹಿಡಿ ಜೋಳ ಕೊಟ್ಟರ ಸಾಕು."

"ಅಂಬಿಗರು ಗೊಣಗಿದರ?" ಎಂದ ಫಕೀರಪ್ಪ.

"ನನ್ನ ಮುಂದ ಗೊಣಗ್ತಾರ. ನಿಮ್ಮ ಕಟ್ಟಿ ತನಕ ಯಾರೂ ಬರಂಗಿಲ್ಲ."

ಫಕೀರಪ್ಪನಿಗೆ ತಲೆಯ ಮೇಲಿನ ಮೂಟೆ ಇಳಿದಂತಾಯಿತು. ಅವತ್ತೇ ಹುಲಿಗೆವ್ವನನ್ನು ಕರೆದು ಇನ್ನು ಬರಬೇಡ ಎಂದ.

"ನಾನು ಮಾಡಿದ ತಪ್ಪೇನಪ್ಪಾ?"

"ತಪ್ಪೇನಿಲ್ಲ ಯವ್ವಾ. ದಿನಾ ಕುಂತ ಇರ್ತಿ, ಅಷ್ಟ."

"ಕುಂತಿದ್ದೆ, ಖರೆ," ಎಂದು ಅವಳು ಸೀರೆಯ ಮಣ್ಣು ಕೊಡವಿಕೊಂಡು ಎದ್ದಳು. ಆಚೆ ದಡಕ್ಕೆ ಹೋಗಿ ಒಂದು ಬುಟ್ಟಿಯಲ್ಲಿ ಮಂಡಕ್ಕಿ ಇಟ್ಟುಕೊಂಡು ಮಾರತೊಡಗಿದಳು.

ಗುತ್ತಿಗೆದಾರ ಹರಿಗೋಲನ್ನು ಅದೇ ಮೊದಲ ಸಲ ಹತ್ತಿರದಿಂದ ನೋಡಿದ. ಕೆಮ್ಮಣ್ಣಿನ ಗೆರೆ ನೋಡಿ, "ಇದು ಚಂದಕ್ಕೇನು?" ಎಂದು ಕೇಳಿದ. ದಡದಲ್ಲಿ ಒಂದು ಕಂಬ ನೆಡಿಸಿದ. ಅದರಲ್ಲಿ ಹದಿನೆಂಟು ಗೀರು ಕೊರೆಸಿದ. ಒಂದು ಸಲಕ್ಕೆ ಹದಿನೆಂಟು ತಲೆ. ಕಡಿಮೆ ಇಲ್ಲ, ಹೆಚ್ಚಿಲ್ಲ.

ಒಬ್ಬ ಆಡು ಹಿಡಿದುಕೊಂಡು ಬಂದ. ಗುತ್ತಿಗೆದಾರ ಆಡನ್ನು ನೋಡಿದ. ಅದಕ್ಕೆ ತಲೆ ಇತ್ತು. ಎಣಿಸಿದ. ಒಬ್ಬಳು ಕೋಳಿ ತಂದಳು. ಅದು ಹತ್ತೊಂಬತ್ತನೆಯ ತಲೆಯಾಯಿತು. ಅವಳು ಕೋಳಿಯ ತಲೆಗೆ ಸೆರಗು ಮುಚ್ಚಿದಳು. ಈಗ ತಲೆ ಕಾಣುತ್ತಿರಲಿಲ್ಲ. ಅವನು ಏರು ಎಂದ. ಇನ್ನೊಬ್ಬ ಹನ್ನೊಂದು ಮೂಟೆ ಹುಣಸೆಹಣ್ಣು ಹೇರಿದ. ಮೂಟೆಗೆ ತಲೆ ಇಲ್ಲ. ಹೇರಿದವನದು ಒಂದೇ ತಲೆ. ಎಂಟು ದಿನದಲ್ಲಿ ಊರಿಗೆಲ್ಲ ಈ ಗುಟ್ಟು ಗೊತ್ತಾಯಿತು. ಜನ ಆಡು ಕುರಿ ಮನೆಯಲ್ಲಿ ಬಿಟ್ಟು, ಮಲಗುವ ಹೊರಸು, ಒರಳು, ಬಾಗಿಲ ಚೌಕಟ್ಟು ಹೊತ್ತು ಬಂದರು.

ಬಿಸಿಲು ಏರಿತು. ಗುತ್ತಿಗೆದಾರ ಎಣಿಸುವ ಕೆಲಸವನ್ನು ತನ್ನ ಭಾಮೈದನಿಗೆ ಕೊಟ್ಟ. ಭಾಮೈದ ಕಂಬಕ್ಕೆ ಒರಗಿ ನಿದ್ದೆ ಹೋದ. ಜನ ತಮ್ಮನ್ನು ತಾವೇ ಎಣಿಸಿಕೊಂಡು ಏರಿದರು.

ಅಂಬಿಗರು ಏನು ಮಾಡಿದರು? ಮೊದಲ ವಾರ ಭರಮ ಇಡೀ ಹೊಳೆಗೆ ಕೇಳುವಂತೆ ಬೈದ. "ಬಾಯಿ ಮುಚ್ಚಲೇ, ಮಂದಿ ಏನಂದಾರು" ಎಂದು ಗುತ್ತಿಗೆದಾರ ಗದರಿದ. ಎರಡನೆಯ ವಾರ ಭರಮ ತನಗಷ್ಟೇ ಕೇಳುವಂತೆ ಬೈದುಕೊಂಡ. ಮೂರನೆಯ ವಾರ ಅವನ ಬಾಯಿಂದಾಗಲಿ ದ್ಯಾವನ ಬಾಯಿಂದಾಗಲಿ ಒಂದು ಮಾತೂ ಬರಲಿಲ್ಲ.

ಗುತ್ತಿಗೆದಾರ ಫಕೀರಪ್ಪನ ಮನೆಗೆ ಓಡಿದ.

"ಧಣಿ, ಆ ಮುದುಕಿ ಇದ್ದಾಗ ಏನು ಗದ್ದಲ, ಏನು ಕಿರಿಕಿರಿ! ಈಗ ಬಂದು ನೋಡ್ರಿ. ಪಿಟ್ ಅನ್ನಂಗಿಲ್ಲ. ಸುಖವಾಗಿ ಅದಾರ."

ಫಕೀರಪ್ಪ ಸಂತೋಷಪಟ್ಟು ಅವನಿಗೆ ಒಂದು ಜರತಾರಿ ರುಮಾಲು ಕೊಟ್ಟ.

ಅದರ ಮರುದಿನ ಒಬ್ಬ ಕುಂಬಾರ ಮಡಕೆ ಹೊತ್ತು ಹರಿಗೋಲು ಏರಿದ. ಅಂಬಿಗರ ಕೈ ಸೋತು ಹರಿಗೋಲು ನಡುಹೊಳೆಯಲ್ಲಿ ತಿರುಗಿತು. ತಿರುಗಿ ತಿರುಗಿ ಒಂದು ದಡಕ್ಕೆ ಹತ್ತಿತು. ಕುಂಬಾರ ಓಲಾಡುತ್ತ ಇಳಿದು, ತಲೆ ತಿರುಗುತ್ತಿದ್ದಂತೆಯೇ ಊರೊಳಗೆ ನಡೆದು, ಒಂದು ಮನೆಯ ಬಾಗಿಲು ಬಡಿದು, "ತಾಯಿ, ಈ ಊರಾಗ ಸಂತಿ ಎಲ್ಲಿ ಕೂಡ್ತದ?" ಎಂದು ಕೇಳಿದ. ಅವನ ಹೆಂಡತಿ ಹೊರಗೆ ಬಂದಳು. ಆಮೇಲೆ ಆ ಮನೆಯಲ್ಲಿ ಏನಾಯಿತು ಎಂಬುದು ಈ ಕತೆಗೆ ಬೇಡ. ಗುತ್ತಿಗೆದಾರ ಮಾತ್ರ ಏರಿದ ಹದಿನೆಂಟು ತಲೆಗೆ ಹದಿನೆಂಟು ಹಿಡಿ ಜೋಳ ತೆಗೆದುಕೊಂಡ.

ಆ ತಿಂಗಳು ಫಕೀರಪ್ಪನ ಮಗಳು ಹೊನ್ನವ್ವನ ಮದುವೆ ಗೊತ್ತಾಯಿತು. ಗಂಡಿನ ಮನೆ ಆಚೆ ದಡದಲ್ಲಿ. ಮದುವಣಗಿತ್ತಿಯೂ ಸೇರಿ ದಿಬ್ಬಣದಲ್ಲಿ ಸರಿಯಾಗಿ ಹದಿನೆಂಟು ತಲೆ. ಜೊತೆಗೆ ತಲೆ ಇಲ್ಲದವು: ಒಂದು ತೇಗದ ಮಂಚ, ಒಂದು ತಾಮ್ರದ ಹಂಡೆ, ಒಂದು ಬೀಸುವ ಕಲ್ಲು, ಎರಡು ಬುಟ್ಟಿ ಹೋಳಿಗೆ. ಗುತ್ತಿಗೆದಾರನೂ ರುಮಾಲು ಸುತ್ತಿಕೊಂಡು ಹತ್ತಿದ. ಎಣಿಸುವವನು ತನ್ನನ್ನು ಎಣಿಸಿಕೊಳ್ಳಲಿಲ್ಲ.

ಫಕೀರಪ್ಪ ಕೆಮ್ಮಣ್ಣಿನ ಗೆರೆ ಎಲ್ಲಿದೆ ಎಂದು ಬಗ್ಗಿ ನೋಡಿದ. ಗೆರೆ ಇರಲಿಲ್ಲ. ಎಳೆಯುವವರು ಇದ್ದರೆ ತಾನೇ ಇರುವುದು?

ನಡುಹೊಳೆಯಲ್ಲಿ ಅಂಬಿಗರ ಕೈ ನಿಂತಿತು. ಹರಿಗೋಲು ತಿರುಗತೊಡಗಿತು. ಅಂಚಿನಿಂದ ನೀರು ಒಳಗೆ ಬಂದು ಹೊನ್ನವ್ವನ ಮಡಿಲು ತುಂಬಿತು. ವಾಲಗದವರು ವಾಲಗ ನಿಲ್ಲಿಸಿದರು.

"ಭರಮಾ, ಹುಟ್ಟು ಹಾಕೋ!" ಎಂದು ಫಕೀರಪ್ಪ ಕೂಗಿದ.

ಭರಮ ಅವನ ಮುಖ ನೋಡಿದ. ಮಾತಾಡಲಿಲ್ಲ.

"ಏನಾರ ಅನ್ನೋ! ಬೇಕಾದರ ನನಗ ಬೈಯೋ!"

ಭರಮ ಬೈಯಲೂ ಇಲ್ಲ. ಆಗ ಫಕೀರಪ್ಪನಿಗೆ ಮೊದಲ ಸಲ ಹೆದರಿಕೆಯಾಯಿತು.

ಆಚೆ ದಡದಲ್ಲಿ ಹುಲಿಗೆವ್ವ ಮಂಡಕ್ಕಿ ಬುಟ್ಟಿ ಕೆಳಗಿಟ್ಟು ಎದ್ದು ನಿಂತಿದ್ದಳು.

"ಫಕೀರಪ್ಪಾ! ಬೀಸೋ ಕಲ್ಲು ನೀರಿಗೆ ಹಾಕೋ!"

"ಬೀಗರಿಗೆ ಏನಂತ ಹೇಳಲವ್ವಾ?"

"ಮಗಳು ಬಂದಳು ಅಂತ ಹೇಳೋ!"

ಕಲ್ಲು ನೀರಿಗೆ ಹೋಯಿತು. ಮಂಚ ಹೋಯಿತು. ಹಂಡೆ ಯಾರ ಮಾತಿಗೂ ಕಾಯದೆ ತಾನೇ ತೇಲಿ ಹೋಯಿತು. "ಅವಕ್ಕ ತಲಿ ಇಲ್ಲ ಧಣಿ, ಅವನ್ನ ಯಾಕ ಚೆಲ್ತೀರಿ" ಎಂದು ಗುತ್ತಿಗೆದಾರ ಅಂಗಲಾಚಿದ. ಯಾರೋ ಅವನ ಛತ್ರಿ ಕಿತ್ತುಕೊಂಡು ಅದರಲ್ಲೇ ನೀರು ಮೊಗೆದರು.

ಫಕೀರಪ್ಪ ಭರಮನ ಕೈಯಿಂದ ಹುಟ್ಟು ತೆಗೆದುಕೊಂಡ. ಹತ್ತು ಸಲ ಹಾಕಿದ. ಅಂಗೈ ಸುಲಿಯಿತು. ಹದಿನೈದನೆಯ ಸಲಕ್ಕೆ ಅವನ ಬಾಯಿಂದ ಒಂದು ಬೈಗುಳ ಹೊರಟಿತು. ಹೊಳೆಯನ್ನು ಬೈದ. ಗಾಳಿಯನ್ನು ಬೈದ. ಕಂಬವನ್ನು, ಕಂಬ ನೆಟ್ಟವನನ್ನು, ಅವನಿಗೆ ರುಮಾಲು ಕೊಟ್ಟವನನ್ನು ಬೈದ. ಮದುವಣಗಿತ್ತಿ ಎರಡೂ ಕಿವಿ ಮುಚ್ಚಿಕೊಂಡಳು.

ದ್ಯಾವನ ತುಟಿ ಅಲುಗಿತು. ಭರಮ ತಲೆ ಎತ್ತಿ, ಮೆಲ್ಲಗೆ, "ಧಣಿ, ಹಂಗಲ್ಲ ಬೈಯೋದು" ಎಂದ. ಹೇಗೆ ಎಂಬುದನ್ನು ಅವನೇ ಬೈದು ತೋರಿಸಿದ. ಮತ್ತೆ ಹುಟ್ಟು ಕೇಳಿ ಪಡೆದ.

ಅದು ದಡದವರೆಗೂ ಕೇಳಿಸಿತು. ಹುಲಿಗೆವ್ವ ಬುಟ್ಟಿಯ ಪಕ್ಕ ಕೂತುಕೊಂಡು, "ಇನ್ನ ಬರ್ತಾರ" ಎಂದಳು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

"ಆಮೇಲೆ ಯಾರು ಏನಾದರ್ರಿ ಅಜ್ಜಾರ?" ಎಂದ ಮರಿಶಾಂತ.

ಹೊನ್ನವ್ವನ ಮದುವೆ ಒದ್ದೆ ಸೀರೆಯಲ್ಲೇ ಆಯಿತು. ಬೀಸುವ ಕಲ್ಲು ಎಲ್ಲಿ ಎಂದು ಅತ್ತೆ ಈಗಲೂ ಕೇಳುತ್ತಾಳೆ. ಹೊನ್ನವ್ವ ಹೊಳೆಯ ಕಡೆ ಕೈ ತೋರಿಸುತ್ತಾಳೆ. ಭರಮ ಮೂರು ದಿನ ಮಲಗಿದ. ನಾಲ್ಕನೆಯ ದಿನ ಬೆಳಗಿನ ಕೋಳಿಯನ್ನು ಬೈಯುತ್ತ ಎದ್ದ. ದ್ಯಾವನ ತೋಳು ಮಾತ್ರ ಮೊದಲಿನಂತೆ ಆಗಲಿಲ್ಲ. ಅವನು ಹುಟ್ಟು ಬಿಟ್ಟು ಮನೆಯಲ್ಲಿ ಬಲೆ ಹೆಣೆಯುತ್ತ ಕೂತ. ಫಕೀರಪ್ಪ ಎರಡು ಜೋಡಿ ಆಳು ಇಟ್ಟ. ವಾರಕ್ಕೊಂದು ದಿನ ತಾನೇ ಹುಟ್ಟು ಹಾಕುತ್ತಾನೆ. ಬೈಗುಳ ಇನ್ನೂ ಸರಿಯಾಗಿ ಬಂದಿಲ್ಲ. ಗುತ್ತಿಗೆದಾರ ಕಂಬ ಕಿತ್ತು ಹೆಗಲ ಮೇಲೆ ಹೊತ್ತು ಇನ್ನೊಂದು ಹೊಳೆಗೆ ಹೋದ. ಅಲ್ಲಿ ಅಂಬಿಗರು ಬಹಳ ಶಾಂತವಾಗಿದ್ದಾರಂತೆ. ಹುಲಿಗೆವ್ವ ಮರಳಿ ಕಲ್ಲಿನ ಮೇಲೆ ಬಂದು ಕೂತಳು. ಕೂರುವ ಮೊದಲು ಒಂದು ಮಾತು ಕೇಳಿಕೊಂಡಳು: ಸಂಜೆ ತಾನು ಹೇಳಿದ್ದಕ್ಕೆ ಫಕೀರಪ್ಪ ಹೂಂ ಎನ್ನಬೇಕು, ಇಲ್ಲವೆ ಊಂಹೂಂ ಎನ್ನಬೇಕು, ನೋಡೋಣ ಮಾತ್ರ ಎನ್ನಬಾರದು.

ಮರಿಶಾಂತ ಹೊಟ್ಟೆ ಹಿಡಿದುಕೊಂಡು ನಕ್ಕ.

"ಆ ಕುಂಬಾರಂದು ಭಾರಿ ಆತು ಬಿಡ್ರಿ! ಪುಣ್ಯಕ್ಕ ನಮ್ಮ ಅಡಗಿಮನಿಯಾಗ ಹೊಳಿ ಇಲ್ಲ, ಹರಿಗೋಲು ಇಲ್ಲ. ಹಂಗಾದರ ಆ ಗುತ್ತಿಗೆದಾರಗ ಏನು ಹೇಳಲ್ರಿ?"

ಗುರುಗಳು ಅವನನ್ನು ನೋಡಿ ಕೇಳಿದರು:

"ತಮ್ಮಾ, ನೀಲವ್ವ ನಿನಗ ಬೈದು ಎಷ್ಟು ದಿನ ಆತು?"

ಮರಿಶಾಂತನ ನಗು ನಿಂತಿತು.  ಅಡುಗೆಮನೆಯ ಕಡೆ ಕಿವಿಗೊಟ್ಟ. ಅಲ್ಲಿಂದ ರೊಟ್ಟಿ ಬಡಿಯುವ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಬಾಗಿಲ ಹೊರಗೆ ಗುತ್ತಿಗೆದಾರ ಒಂದು ಸಲ ಕೆಮ್ಮಿದ. ಯಾರೂ ಓಗೊಡಲಿಲ್ಲ.