ಅಲಸಂದೆ ಮೊಳಕೆ ಬೆನ್ನು ಮುಂದಾಗಿ ಬರುವುದೇಕೆ

ಲೋಕ ಹೊಸದಾಗಿತ್ತು. ಬೆಟ್ಟಗಳಿಗೆ ಹಚ್ಚಿದ ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ. ಆಗ ಒಂದು ವಸಂತದ ಬೆಳಿಗ್ಗೆ ಊರೊಟ್ಟಿನ ತೋಟದಿಂದ ಆಘಾತಕಾರಿ ಸುದ್ದಿ ಬಂತು: ಹೊಂಬಾಳಜ್ಜಿಯ ಪಾತಿಯಲ್ಲಿ ಅಲಸಂದೆ ಮೊಳೆತಿಲ್ಲ.

ಗಾಳಿ ಓಡಿಹೋಗಿ ಹೊಳೆಗೆ ಹೇಳಿತು. ಸುದ್ದಿ ಕೇಳಿ ಹೊಳೆ ಹರಿಯುವುದನ್ನೇ ನಿಲ್ಲಿಸಿತು ಎನ್ನುವವರಿದ್ದಾರೆ. ಅದು "ಹೌದಾ?" ಎಂದು ಕೇಳಿ ಮುಂದೆ ಹೋಯಿತು, ಅಷ್ಟೆ.

ಅಜ್ಜಿಗೆ ಮಾತ್ರ ಇದು ಸಣ್ಣ ವಿಷಯವಲ್ಲ. ಆ ತೋಟದಲ್ಲಿ ಮನೆಗೊಂದು ಪಾತಿ. ಯುಗಾದಿ ಕಳೆದು ಹುಣ್ಣಿಮೆ ಬರುವಷ್ಟರಲ್ಲಿ ಹಸಿರು ಕಾಣದ ಪಾತಿ ಬೇರೆಯವರ ಪಾಲು. ಪಕ್ಕದ ಮನೆಯ ಮಾಯಿಗಯ್ಯ ಆಗಲೇ ಅಲ್ಲಿ ಕುಂಬಳ ಹಬ್ಬಿಸುವ ಕನಸು ಕಾಣುತ್ತಿದ್ದ. ನಾಳೆಯೇ ಹುಣ್ಣಿಮೆ.

ತಪ್ಪು ಅಜ್ಜಿಯ ಪ್ರೀತಿಯದು. ಬಿತ್ತಿದ ಮೇಲೆ ಬೀಜಕ್ಕೆ ಬಾಯಾರೀತೆಂದು ಕೊಡಗಟ್ಟಲೆ ನೀರು ಹೊಯ್ದಳು. ಬಿಸಿಲು ಬಂತು. ಮೇಲ್ಮಣ್ಣು ಹೆಂಚಿನಂತೆ ಗಟ್ಟಿಯಾಯಿತು.

ಅಜ್ಜಿ ನೆಲಕ್ಕೆ ಕಿವಿಯಿಟ್ಟಳು. "ಏನ್ರೋ ಮಕ್ಕಳಾ, ಬರ್ತೀರೋ ಇಲ್ವೋ?"

"ಬಂದ್ವಿ ಅಜ್ಜಿ, ತಲೆ ತಾಗ್ತು," ಎಂದಿತು ಒಳಗಿನಿಂದ ಒಂದು ಅಲಸಂದೆ. "ಮತ್ತೆ ಬಂದ್ವಿ. ಮತ್ತೆ ತಾಗ್ತು."

ಆ ಕಾಲದಲ್ಲಿ ಮೊಳಕೆಗಳೆಲ್ಲ ತಲೆಯೆತ್ತಿಕೊಂಡೇ ಮೇಲೆ ಬರುತ್ತಿದ್ದವು. ಸೂರ್ಯನನ್ನು ಮೊದಲು ನೋಡುವ ಆತುರ. ಎಳೆ ತಲೆ, ಗಟ್ಟಿ ಮಣ್ಣು.

ಅಷ್ಟರಲ್ಲಿ ತೋಟದ ಗುಡಿಸಲಿನಿಂದ ಢಬ್ ಎಂದು ಸದ್ದು ಬಂತು. ಮಾಯಿಗಯ್ಯ ಆರು ಅಡಿ ಆಳು. ಗುಡಿಸಲಿನ ಬಾಗಿಲು ಅಷ್ಟಿಲ್ಲ.

"ದಿನಾ ಹಣೆ ಚಚ್ಚಿಸಿಕೊಳ್ತೀಯಲ್ಲಪ್ಪ. ಸ್ವಲ್ಪ ಬಗ್ಗೋಕೆ ಏನು ದಾಡಿ?" ಎಂದಳು ಅಜ್ಜಿ.

"ನಮ್ಮ ವಂಶದಲ್ಲೇ ಬಗ್ಗಿದವರಿಲ್ಲ ಕಣಜ್ಜಿ," ಎಂದ ಅವನು, ಬುಗುಟು ಸವರಿಕೊಳ್ಳುತ್ತ.

ಅಜ್ಜಿ ಅವನ ಹಣೆಯನ್ನೇ ನೋಡಿದಳು. ಆಮೇಲೆ ಪಾತಿಯ ಕಡೆ ಓಡಿದಳು.

"ಲೇ ಅಲಸಂದೆ! ತಲೆ ಕೆಳಗೆ ಹಾಕು. ಬೆನ್ನು ಬಗ್ಗಿಸಿ, ಬೆನ್ನಲ್ಲೇ ತಳ್ಳು. ನಾನು ಗೊಬ್ಬರದ ಮೂಟೆ ಎತ್ತೋದು ಹಾಗೇ."

"ಮೊದಲ ಸಲ ಕಾಣುವಾಗಲೇ ಸೂರ್ಯನಿಗೆ ಬೆನ್ನು ತೋರಿಸೋದಾ? ಅವನೇನಂದುಕೊಳ್ತಾನೆ?"

ಅಜ್ಜಿ ಮೇಲೆ ನೋಡಿ ಕೇಳಿಯೇಬಿಟ್ಟಳು. "ಏನಪ್ಪ ಸೂರ್ಯ, ಬೇಜಾರು ಮಾಡ್ಕೊಳ್ತೀಯಾ?"

"ಇಡೀ ಲೋಕ ಬೆಳಗಬೇಕು ನಾನು," ಎಂದ ಸೂರ್ಯ. "ಯಾವ ಕಾಳು ಯಾವ ಕಡೆ ತಿರುಗಿ ನಿಂತಿದೆ ಅಂತ ನೋಡೋಕೆ ಪುರಸೊತ್ತೆಲ್ಲಿದೆ?"

ಅಲಸಂದೆಗೆ ಸ್ವಲ್ಪ ಅವಮಾನವಾಯಿತು. ಸಮಾಧಾನವೂ ಆಯಿತು. ಅದು ತಲೆ ತಗ್ಗಿಸಿ, ಬೆನ್ನು ಕೊಟ್ಟು, ತಳ್ಳಿತು. ತಳ್ಳಿತು. ಇನ್ನೂ ತಳ್ಳಿತು.

ಹುಣ್ಣಿಮೆಯ ಬೆಳಿಗ್ಗೆ ಮಾಯಿಗಯ್ಯ ಕುಂಬಳದ ಬೀಜ ಹಿಡಿದುಕೊಂಡೇ ಬಂದ. ಪಾತಿಯ ಮಣ್ಣು ಬಿರುಕು ಬಿಟ್ಟಿತ್ತು. ಬಿರುಕಿನಲ್ಲಿ ಬುಟ್ಟಿಯ ಹಿಡಿಯಂಥ ಒಂದು ಬಾಗಿದ ಎಳೆ.

"ಎಲೆ ಇಲ್ಲ, ತಲೆ ಇಲ್ಲ. ಇದೆಂಥ ಗಿಡ? ಬರೀ ಬೆನ್ನು! ಲೆಕ್ಕಕ್ಕಿಲ್ಲ," ಎಂದ.

"ಬಣ್ಣ ಯಾವುದು ಹೇಳಪ್ಪ," ಎಂದಳು ಅಜ್ಜಿ.

ಮಾಯಿಗಯ್ಯ ಬಗ್ಗಿ ನೋಡಿದ. ವಂಶದಲ್ಲಿ ಅದೇ ಮೊದಲು. "ಹಸಿರೇ," ಎಂದು ಒಪ್ಪಿಕೊಂಡ.

ಹೊತ್ತೇರುತ್ತಿದ್ದಂತೆ ಮೊಳಕೆ ಮಣ್ಣಿನಿಂದ ತಲೆ ಎಳೆದುಕೊಂಡಿತು, ನೆಟ್ಟಗೆ ನಿಂತಿತು, ದಪ್ಪನೆಯ ಎರಡು ಬೇಳೆ ಬಿಚ್ಚಿತು. ಅದರ ಹಿಂದೆ ಪಾತಿಯ ಉಳಿದ ಕಾಳುಗಳೂ ಬೆನ್ನು ಮುಂದಾಗಿ ಎದ್ದವು. ಇದನ್ನು ವಿನಯ ಎಂದು ಗಾಳಿ ಊರೆಲ್ಲ ಹೊಗಳಿತು. ಅಲಸಂದೆ ತಾನು ಹಾಗೆಂದು ಹೇಳಿಕೊಂಡಿಲ್ಲ.

ಪಾತಿ ಅಜ್ಜಿಗೇ ಉಳಿಯಿತು. ಅಂದಿನಿಂದ ಅಲಸಂದೆ ಮೊಳಕೆ ಬೆನ್ನು ಬಗ್ಗಿಸಿಕೊಂಡೇ ಮಣ್ಣಿನಿಂದ ಹೊರಬರುತ್ತದೆ, ಹೊರಗೆ ಬಂದ ಮೇಲೆ ನೆಟ್ಟಗಾಗುತ್ತದೆ.